ಸರಪಳಿಯ ಬಿಗಿ, ವಾಕ್ಯದ ಬಿಗಿ: ಸ್ಪ್ರಾಕೆಟ್ ಬದಲಿಸುವ ಕೆಲಸವನ್ನು ಕನ್ನಡದಲ್ಲಿ ಬರೆಯುವ ಪಾಠ

ಪೀಠಿಕೆ

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರುಗಳ ದಾರಿ. ದಾರಿಯುದ್ದಕ್ಕೂ ಜೋಳದ ಹೊಲ, ಕಬ್ಬಿನ ತೋಟ, ನಡುನಡುವೆ ಹಳ್ಳಿಗಳು. ಈ ಹಳ್ಳಿಗಳಲ್ಲಿ ಅನೇಕ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಲ್ಲಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳ ಮೋಟಾರುಸೈಕಲ್ಲಿನ ಚೈನಿಗೆ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಎಣ್ಣೆಯೊಡನೆ ಬೆರೆತು ಕೊಂಡಿಗಳ ಸಂದಿಯನ್ನು ಸೇರುತ್ತದೆ. ಕೆಲವು ತಿಂಗಳು ಕಳೆಯುವುದರೊಳಗೆ ಚೈನು ಜೋತುಬೀಳುತ್ತದೆ, ಸದ್ದು ಮಾಡುತ್ತದೆ. ಗ್ಯಾರೇಜಿನಲ್ಲಿ ಅದನ್ನು ಹತ್ತು ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ. ಆ ಹತ್ತು ನಿಮಿಷದ ಮಾತು ಮರಾಠಿ, ಹಿಂದಿ, ಕನ್ನಡಗಳ ನಡುವೆ ಸರಾಗವಾಗಿ ಓಡಾಡುತ್ತಿರುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಶಬ್ದಮಣಿದರ್ಪಣದ ಸೂತ್ರವನ್ನು ಬಿಡಿಸಿ ಹೇಳಬಲ್ಲರು. ವಚನವೊಂದರ ಒಳಾರ್ಥವನ್ನು ವಿವರಿಸಬಲ್ಲರು. ಆದರೆ ಜೋತುಬಿದ್ದ ಚೈನನ್ನು ಬಿಗಿ ಮಾಡುವ ಕ್ರಮವನ್ನು ಒಂದು ಪುಟದಲ್ಲಿ ಬರೆಯಬೇಕಾದಾಗ ಅನೇಕರ ಲೇಖನಿ ತಡವರಿಸುತ್ತದೆ. ಬರೆದ ಪುಟವು ಒಂದೋ ಇಂಗ್ಲಿಷ್ ಕೈಪಿಡಿಯ ನೆರಳಾಗುತ್ತದೆ, ಇಲ್ಲವೇ ಯಾರ ಬಾಯಲ್ಲಿಯೂ ಇಲ್ಲದ ಸಂಸ್ಕೃತ ಪದಗಳ ರಾಶಿಯಾಗುತ್ತದೆ. ಹೀಗೆ ಗಡಿನಾಡಿನಲ್ಲಿ ಕನ್ನಡವು ಮನೆ, ಗುಡಿ, ತರಗತಿಗಳಲ್ಲಿ ಉಳಿದು, ಕೆಲಸದ ಅಂಗಳದಿಂದ ಸದ್ದಿಲ್ಲದೆ ಹಿಂದೆ ಸರಿಯುತ್ತದೆ.

ಈ ಪಾಠದ ಪ್ರತಿಪಾದನೆ ಸರಳವಾದುದು. ಯಂತ್ರದ ಕೆಲಸವನ್ನು ಬರೆಯುವಾಗ ನಾಮಪದಗಳು ಎರವಲಾಗಿದ್ದರೆ ಹಾನಿಯಿಲ್ಲ. ಕ್ರಿಯಾಪದಗಳು ಕನ್ನಡದವೇ ಆಗಿರಬೇಕು ಮತ್ತು ಅವು ಸರಿಯಾದ ಕ್ರಮದಲ್ಲಿರಬೇಕು. ಏಕೆಂದರೆ ಓದುಗನ ಕೈಯನ್ನು ನಡೆಸುವುದು ಕ್ರಿಯಾಪದ. ಇದನ್ನು ಮನಗಾಣಲು ಮೊದಲು ಕೆಲಸವನ್ನೇ ಅರಿಯಬೇಕು. ಆದ್ದರಿಂದ ಪಾಠದ ಮೊದಲ ಭಾಗ ಯಂತ್ರಕ್ಕೆ, ಎರಡನೆಯ ಭಾಗ ಭಾಷೆಗೆ ಮೀಸಲು.

1. ಯಂತ್ರದ ರಚನೆ

ಎಂಜಿನಿನ ತಿರುಗುವ ಬಲವು ಗೇರುಪೆಟ್ಟಿಗೆಯನ್ನು ಹಾಯ್ದು ಒಂದು ದಂಡದ ಮೂಲಕ ಹೊರಬರುತ್ತದೆ. ಆ ದಂಡದ ತುದಿಯಲ್ಲಿ ಹಲ್ಲುಗಳುಳ್ಳ ಚಿಕ್ಕ ಗಾಲಿಯೊಂದಿದೆ. ಅದು ಮುಂದಿನ ಸ್ಪ್ರಾಕೆಟ್. ವಾಹನದ ಹಿಂಗಾಲಿಯ ಬದಿಯಲ್ಲಿ ಇಂಥದೇ ದೊಡ್ಡ ಗಾಲಿಯಿದೆ. ಅದು ಹಿಂದಿನ ಸ್ಪ್ರಾಕೆಟ್. ಎರಡನ್ನೂ ಬಳಸಿ ಬರುವ, ತುದಿಮೊದಲಿಲ್ಲದ ಸರಪಳಿಯೇ ಚೈನು. ಚಿಕ್ಕದು ಎಳೆಯುತ್ತದೆ, ದೊಡ್ಡದು ಎಳೆಸಿಕೊಂಡು ತಿರುಗುತ್ತದೆ.

ಚೈನು ಹೊರನೋಟಕ್ಕೆ ಒಂದೇ ವಸ್ತುವಾದರೂ ಅದು ನೂರಕ್ಕೂ ಮಿಕ್ಕ ಕೀಲುಗಳ ಸಾಲು. ಹೊರಕೊಂಡಿಯ ಎರಡು ಪಟ್ಟಿಗಳನ್ನು ಪಿನ್ನುಗಳು ಹಿಡಿದಿರುತ್ತವೆ. ಒಳಕೊಂಡಿಯ ಪಟ್ಟಿಗಳನ್ನು ಬುಶ್ ಎಂಬ ಟೊಳ್ಳು ಕೊಳವೆಗಳು ಹಿಡಿದಿರುತ್ತವೆ. ಪಿನ್ನು ಬುಶ್ಶಿನೊಳಗೆ ತಿರುಗುತ್ತದೆ. ಬುಶ್ಶಿನ ಮೇಲೆ ರೋಲರ್ ಉರುಳುತ್ತದೆ. ಸ್ಪ್ರಾಕೆಟ್ಟಿನ ಹಲ್ಲಿಗೆ ತಾಗುವುದು ಈ ರೋಲರ್. ಈ ಬಗೆಯ ಚೈನಿಗೆ 1880ರಲ್ಲಿ ಹಕ್ಕುಪತ್ರ ಪಡೆದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯವರ ರೋವರ್ ಸೈಕಲ್ಲು ಚೈನಿನಿಂದ ಹಿಂಗಾಲಿಯನ್ನು ನಡೆಸುವ ಮಾದರಿಯನ್ನು ಜನಪ್ರಿಯಗೊಳಿಸಿತು. ಇಂದಿನ ಸೈಕಲ್ಲು, ಮೋಟಾರುಸೈಕಲ್ಲು, ಓಟದ ಸ್ಪರ್ಧೆಗೆ ಬಳಸುವ ನಾಲ್ಕು ಗಾಲಿಯ ಸ್ಪೋರ್ಟ್ ಎ.ಟಿ.ವಿ. ಈ ಮೂರರಲ್ಲಿಯೂ ಇರುವುದು ಅದೇ ತತ್ತ್ವ.

ಚೈನಿಗೆ ಅಳತೆಯ ಹೆಸರುಂಟು. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗಿರುವ ದೂರ ‘ಪಿಚ್’. ಚೈನಿನ ಸಂಖ್ಯೆಯ ಮೊದಲ ಅಂಕಿಯು ಪಿಚ್ಚನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುತ್ತದೆ. ಪ್ರಯಾಣದ ಮೋಟಾರುಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವ 428 ಚೈನಿನ ಪಿಚ್ ಎಂಟರಲ್ಲಿ ನಾಲ್ಕು ಭಾಗ, ಅಂದರೆ ಅರ್ಧ ಅಂಗುಲ ಅಥವಾ 12.7 ಮಿಲಿಮೀಟರು. ಸ್ಪೋರ್ಟ್ ಎ.ಟಿ.ವಿ.ಗಳಲ್ಲಿ ಸಾಮಾನ್ಯವಾದ 520 ಚೈನಿನ ಪಿಚ್ ಎಂಟರಲ್ಲಿ ಐದು ಭಾಗ, ಅಂದರೆ 15.875 ಮಿಲಿಮೀಟರು. ಚೈನು ಮತ್ತು ಸ್ಪ್ರಾಕೆಟ್ಟುಗಳ ಪಿಚ್ ಒಂದೇ ಆಗಿರಬೇಕು. ಇಲ್ಲವಾದರೆ ಹಲ್ಲು ಕೊಂಡಿಯೊಳಗೆ ಕೂಡುವುದಿಲ್ಲ.

2. ಹಲ್ಲುಗಳ ಲೆಕ್ಕ

ಮುಂದಿನ ಸ್ಪ್ರಾಕೆಟ್ಟಿಗೆ 14, ಹಿಂದಿನದಕ್ಕೆ 42 ಹಲ್ಲುಗಳಿವೆಯೆಂದು ಇಟ್ಟುಕೊಂಡರೆ ಹಿಂಗಾಲಿ ಒಂದು ಸುತ್ತು ಬರಲು ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ತಿರುಗಬೇಕು. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿದಾಗ ದೊರೆಯುವ ಈ 3 ಎಂಬ ಸಂಖ್ಯೆಯೇ ಗೇರಿನ ಅನುಪಾತ.

ಮುಂದೆ ಒಂದು ಹಲ್ಲು ಕಡಿಮೆ ಮಾಡಿ 13ರ ಸ್ಪ್ರಾಕೆಟ್ ಹಾಕಿದರೆ ಅನುಪಾತ 3.23 ಆಗುತ್ತದೆ. ಹಿಂಗಾಲಿಗೆ ದೊರೆಯುವ ಎಳೆತದ ಬಲ ಶೇಕಡಾ 7.7ರಷ್ಟು ಹೆಚ್ಚುತ್ತದೆ. ಆದರೆ ಎಂಜಿನ್ ಅದೇ ವೇಗದಲ್ಲಿ ತಿರುಗುವಾಗ ಮೊದಲು ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದ ವಾಹನ ಈಗ ಸುಮಾರು 55.7 ಕಿಲೋಮೀಟರು ಮಾತ್ರ ಓಡುತ್ತದೆ. ಮುಂದೆ 15 ಹಲ್ಲಿನದನ್ನು ಹಾಕಿದರೆ ಅನುಪಾತ 2.8ಕ್ಕೆ ಇಳಿಯುತ್ತದೆ, ಅದೇ ವಾಹನ ಸುಮಾರು 64.3 ಕಿಲೋಮೀಟರು ಓಡಬೇಕು, ಆದರೆ ಏರಿನಲ್ಲಿ ದಣಿಯುತ್ತದೆ. ಬಲವನ್ನು ಪಡೆದರೆ ವೇಗವನ್ನು ಬಿಡಬೇಕು. ವೇಗವನ್ನು ಪಡೆದರೆ ಬಲವನ್ನು ಬಿಡಬೇಕು. ಎರಡನ್ನೂ ಒಟ್ಟಿಗೆ ಕೊಡುವ ಸ್ಪ್ರಾಕೆಟ್ ಇಲ್ಲ.

ಇದೇ ಬಲವನ್ನು ಹಿಂದಿನ ಸ್ಪ್ರಾಕೆಟ್ ಬದಲಿಸಿಯೂ ಪಡೆಯಬಹುದು. 14ರ ಜೊತೆಗೆ ಹಿಂದೆ 45 ಹಲ್ಲಿನದನ್ನು ಹಾಕಿದರೆ ಅನುಪಾತ 3.21. ಅಂದರೆ ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲುಗಳಿಗೆ ಹೆಚ್ಚುಕಡಿಮೆ ಸಮ. ಮುಂದಿನದು ಅಗ್ಗ, ಬದಲಿಸುವುದೂ ಸುಲಭ. ಆದರೆ ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಕೊಂಡಿಗಳು ಅದರ ಸುತ್ತ ಹೆಚ್ಚು ಕೋನದಲ್ಲಿ ಮಡಿಯಬೇಕಾಗುತ್ತದೆ; ಪಿನ್ನು ಬುಶ್ಶುಗಳು ಬೇಗ ಸವೆಯುತ್ತವೆ. ಮರಳಿನಲ್ಲಿಯೋ ಏರುತಗ್ಗಿನಲ್ಲಿಯೋ ಎ.ಟಿ.ವಿ. ಓಡಿಸುವವರು ಅನುಪಾತವನ್ನು ಹೆಚ್ಚಿಸಿಕೊಳ್ಳುತ್ತಾರೆ. ನೇರವಾದ ಓಟದ ಹಾದಿಯಲ್ಲಿ ಇಳಿಸಿಕೊಳ್ಳುತ್ತಾರೆ. ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೆ ತಯಾರಕರು ಕೊಟ್ಟ ಅನುಪಾತವೇ ಹಿತ. ಅನುಪಾತ ಹೆಚ್ಚಿದಾಗ ಎಂಜಿನ್ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ಗೇರುಪೆಟ್ಟಿಗೆಯಿಂದ ವೇಗವನ್ನು ಅಳೆಯುವ ವಾಹನಗಳಲ್ಲಿ ವೇಗಮಾಪಕವೂ ತಪ್ಪು ತೋರಿಸುತ್ತದೆ.

ಸೊಲ್ಲಾಪುರದ ವಿದ್ಯಾರ್ಥಿಗಳಿಗೆ ಈ ಲೆಕ್ಕ ಹೊಸದಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸೊಲ್ಲಾಪುರ ಚಾದರಿನ ಊರಿನಲ್ಲಿ ಮಗ್ಗದ ಸದ್ದು ಕೇಳದವರು ವಿರಳ. ವಿದ್ಯುತ್ ಮಗ್ಗದಲ್ಲಿ ನೆಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಭಾಗದಲ್ಲಿ ಹಲ್ಲುಗಾಲಿಗಳ ಒಂದು ಸಾಲಿದೆ. ಅದರಲ್ಲಿ ಒಂದು ಗಾಲಿ ಬದಲಿಸಲೆಂದೇ ಇರುವುದು. ಅದರ ಹಲ್ಲುಗಳ ಸಂಖ್ಯೆ ಬದಲಾದರೆ ಬಟ್ಟೆ ಸುತ್ತಿಕೊಳ್ಳುವ ವೇಗ ಬದಲಾಗುತ್ತದೆ. ಅದರಿಂದ ಒಂದು ಅಂಗುಲದಲ್ಲಿ ಬೀಳುವ ಹೊಕ್ಕಿನ ಎಳೆಗಳ ಸಂಖ್ಯೆಯೂ ಬದಲಾಗುತ್ತದೆ. ನೇಕಾರ ಹಲ್ಲು ಎಣಿಸಿ ಬಟ್ಟೆಯ ದಟ್ಟತೆಯನ್ನು ನಿರ್ಧರಿಸುತ್ತಾನೆ. ಸವಾರ ಹಲ್ಲು ಎಣಿಸಿ ವಾಹನದ ಎಳೆತವನ್ನು ನಿರ್ಧರಿಸುತ್ತಾನೆ. ಗಣಿತ ಒಂದೇ.

3. ಚೈನು ಏಕೆ ಉದ್ದವಾಗುತ್ತದೆ?

‘ಚೈನು ಎಳೆದು ಎಳೆದು ಉದ್ದವಾಯಿತು’ ಎಂಬುದು ರೂಢಿಯ ಮಾತು. ಆದರೆ ಉಕ್ಕಿನ ಪಟ್ಟಿ ರಬ್ಬರಿನಂತೆ ಹಿಗ್ಗಿ ಉದ್ದವಾಗುವುದಿಲ್ಲ. ಪಿನ್ನು ಮತ್ತು ಬುಶ್ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಪ್ರತಿ ಕೀಲಿನಲ್ಲಿಯೂ ಕೂದಲೆಳೆಯಷ್ಟು ಸಡಿಲ ಹುಟ್ಟುತ್ತದೆ. ಒಂದು ಕೀಲಿನಲ್ಲಿ 0.1 ಮಿಲಿಮೀಟರು ಸವೆದರೆ ನೂರು ಕೀಲುಗಳಲ್ಲಿ 10 ಮಿಲಿಮೀಟರು ಆಗುತ್ತದೆ. ಆದ್ದರಿಂದ ‘ಹಿಗ್ಗಿತು’ ಎಂಬ ಕ್ರಿಯಾಪದ ಇಲ್ಲಿ ಕಾರಣವನ್ನು ಮರೆಸುತ್ತದೆ. ‘ಸವೆಯಿತು’ ಎಂಬುದು ಕಾರಣವನ್ನು ತಿಳಿಸುತ್ತದೆ. ಹಿಗ್ಗಿದೆಯೆಂದು ತಿಳಿದವನು ಬಿಗಿ ಮಾಡಿ ಸುಮ್ಮನಾಗುತ್ತಾನೆ. ಸವೆದಿದೆಯೆಂದು ತಿಳಿದವನು ಅಳೆದು ನೋಡುತ್ತಾನೆ.

ಅಳೆಯುವ ಬಗೆಯೂ ಕಠಿಣವಲ್ಲ. 428 ಚೈನಿನಲ್ಲಿ 20 ಪಿಚ್ಚುಗಳ ಉದ್ದ ಹೊಸತಿದ್ದಾಗ 254 ಮಿಲಿಮೀಟರು. ಅದು ಶೇಕಡಾ 2ರಷ್ಟು ಬೆಳೆದರೆ ಸುಮಾರು 259 ಮಿಲಿಮೀಟರು. ವಾಹನದ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯನ್ನು ದಾಟಿದ ಚೈನನ್ನು ಬಿಗಿ ಮಾಡಿ ಪ್ರಯೋಜನವಿಲ್ಲ; ಬದಲಿಸಬೇಕು. ಸವೆದ ಚೈನಿನ ಪಿಚ್ ಹಲ್ಲುಗಳ ಪಿಚ್ಚಿಗಿಂತ ದೊಡ್ಡದಾಗಿರುವುದರಿಂದ ಅದು ಹಲ್ಲನ್ನು ಕೊರೆದು ಕೊಕ್ಕೆಯಾಗಿಸುತ್ತದೆ. ಕೊಕ್ಕೆಯಾದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಕೆಡುತ್ತದೆ. ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸುವುದು ಈ ಕಾರಣಕ್ಕಾಗಿ.

ಹಾಗಾದರೆ ಚೈನನ್ನು ತಂತಿಯಂತೆ ಬಿಗಿದು ಕಟ್ಟಿದರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹಿಂಗಾಲಿ ಹೊಂಡಗಳಲ್ಲಿ ಮೇಲೆ ಕೆಳಗೆ ಆಡುತ್ತದೆ. ಗಾಲಿಯನ್ನು ಹಿಡಿದ ಕವಲು ಹೀಗೆ ಆಡುವಾಗ ಮುಂದಿನ ಸ್ಪ್ರಾಕೆಟ್, ಕವಲಿನ ಕೀಲು, ಹಿಂದಿನ ಅಚ್ಚು ಈ ಮೂರೂ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಅತಿ ಹೆಚ್ಚು. ಆ ಕ್ಷಣಕ್ಕೆಂದು ಚೈನಿನಲ್ಲಿ ಸ್ವಲ್ಪ ಸಡಿಲವನ್ನು ಉಳಿಸಬೇಕು. ಉಳಿಸದಿದ್ದರೆ ಗೇರುಪೆಟ್ಟಿಗೆಯ ದಂಡದ ಬೇರಿಂಗು ಕೆಡುತ್ತದೆ, ಚೈನು ಹರಿಯಲೂಬಹುದು. ಹೆಚ್ಚು ಸಡಿಲವಾದರೆ ಚೈನು ಹಲ್ಲಿನಿಂದ ಜಾರಿ ಗಾಲಿಗೆ ಸಿಕ್ಕಿಕೊಳ್ಳಬಹುದು. ಸರಿಯಾದ ಬಿಗಿಯೆಂಬುದು ಈ ಎರಡು ಅಪಾಯಗಳ ನಡುವಿನ ಅಳತೆ.

4. ಕೆಲಸದ ಕ್ರಮ

ಮೋಟಾರುಸೈಕಲ್ಲಿನಲ್ಲಿ ಸ್ಪ್ರಾಕೆಟ್ ಬದಲಿಸಿ ಚೈನನ್ನು ಸರಿಪಡಿಸುವ ಕ್ರಮ ಹೀಗಿದೆ.

(1) ಎಂಜಿನ್ ನಿಲ್ಲಿಸಿ ಕೀಲಿಕೈಯನ್ನು ತೆಗೆದಿಡಬೇಕು. ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು.

(2) ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳವನ್ನು ಬಿಚ್ಚಬೇಕು. ಚೈನು ಇನ್ನೂ ಮೇಲಿರುವಾಗಲೇ, ಒಬ್ಬರು ಹಿಂದಿನ ಬ್ರೇಕನ್ನು ಒತ್ತಿ ಹಿಡಿದಿರಲು, ಸ್ಪ್ರಾಕೆಟ್ಟಿನ ನಟ್ಟನ್ನೋ ಬೋಲ್ಟುಗಳನ್ನೋ ಸಡಿಲಿಸಬೇಕು. ಚೈನನ್ನು ಮೊದಲೇ ತೆಗೆದರೆ ಸ್ಪ್ರಾಕೆಟ್ ಪಾನಾದೊಡನೆ ತಿರುಗಿಬಿಡುತ್ತದೆ.

(3) ಹಿಂದಿನ ಅಚ್ಚಿನ ನಟ್ಟನ್ನು ಸಡಿಲಿಸಿ, ಎರಡೂ ಬದಿಯ ಸರಿಹೊಂದಿಸುವ ಬೋಲ್ಟುಗಳನ್ನು ಬಿಟ್ಟು, ಗಾಲಿಯನ್ನು ಮುಂದಕ್ಕೆ ತಳ್ಳಬೇಕು. ಚೈನು ಜೋತುಬೀಳುತ್ತದೆ.

(4) ಚೈನಿನ ಕೂಡುಕೊಂಡಿಯ ಕ್ಲಿಪ್ಪನ್ನು ತೆಗೆದು ಚೈನನ್ನು ಬಿಡಿಸಬೇಕು. ಹಳೆಯ ಸ್ಪ್ರಾಕೆಟ್ಟುಗಳನ್ನು ತೆಗೆದು, ಕೂಡುವ ಜಾಗದ ಕಿಟ್ಟವನ್ನು ಒರೆಸಿ, ಹೊಸವನ್ನು ಕೂಡಿಸಬೇಕು. ಹಿಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು ಒಂದರ ನಂತರ ಅದರ ಎದುರಿನದನ್ನು ಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

(5) ಚೈನನ್ನು ಮತ್ತೆ ಹಾಯಿಸಿ ಕೂಡಿಸಬೇಕು. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿನ ಕಡೆಗಿರಬೇಕು.

(6) ಎರಡೂ ಬದಿಯ ಬೋಲ್ಟುಗಳನ್ನು ಸಮಸಮವಾಗಿ ತಿರುಗಿಸಿ ಗಾಲಿಯನ್ನು ಹಿಂದಕ್ಕೆ ಎಳೆಯಬೇಕು. ಎರಡು ಬದಿಯ ಗುರುತುಗಳೂ ಒಂದೇ ಗೆರೆಯಲ್ಲಿರಬೇಕು. ಇಲ್ಲವಾದರೆ ಗಾಲಿ ಓರೆಯಾಗಿ ಚೈನು ಹಲ್ಲಿನ ಬದಿಯನ್ನು ತಿನ್ನುತ್ತದೆ.

(7) ಚೈನಿನ ಕೆಳಸಾಲಿನ ನಡುವನ್ನು ಬೆರಳಿನಿಂದ ಮೇಲಕ್ಕೆತ್ತಿ ಕೆಳಗೊತ್ತಿ, ಅದು ಆಡುವ ಒಟ್ಟು ಅಂತರವನ್ನು ಅಳೆಯಬೇಕು. ಅನೇಕ ಪ್ರಯಾಣದ ಮೋಟಾರುಸೈಕಲ್ಲುಗಳಿಗೆ ಇದು ಸುಮಾರು 20ರಿಂದ 30 ಮಿಲಿಮೀಟರು. ಆಯಾ ವಾಹನದ ಕೈಪಿಡಿ ಹೇಳುವುದೇ ಅಂತಿಮ. ಗಾಲಿಯನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿ ನಾಲ್ಕಾರು ಕಡೆ ಅಳೆಯಬೇಕು. ಚೈನು ಎಲ್ಲ ಕಡೆ ಸಮನಾಗಿ ಸವೆದಿರುವುದಿಲ್ಲವಾದ್ದರಿಂದ, ಅತಿ ಬಿಗಿಯಾದ ಜಾಗದಲ್ಲಿ ಅಳತೆ ಸರಿಯಿರಬೇಕು.

(8) ಮುಂದಿನ ಸ್ಪ್ರಾಕೆಟ್ಟಿನ ನಟ್ಟನ್ನು ಬ್ರೇಕ್ ಒತ್ತಿ ಹಿಡಿದು ಪೂರ್ತಿ ಬಿಗಿಯಬೇಕು. ಅನಂತರ ಅಚ್ಚಿನ ನಟ್ಟನ್ನು ಬಿಗಿದು ಚೈನನ್ನು ಇನ್ನೊಮ್ಮೆ ಅಳೆಯಬೇಕು. ನಟ್ಟನ್ನು ಬಿಗಿಯುವಾಗ ಗಾಲಿ ಸರಿದಿರುವ ಸಂಭವವುಂಟು. ಕೊನೆಗೆ ಹಿಂದಿನ ಬ್ರೇಕಿನ ಪೆಡಲ್ ಎಷ್ಟು ಆಡುತ್ತದೆಂದು ನೋಡಬೇಕು. ಗಾಲಿ ಹಿಂದೆ ಸರಿದಾಗ ಡ್ರಮ್ ಬ್ರೇಕಿನ ಸಲಾಕೆಯ ಹಿಡಿತವೂ ಬದಲಾಗಿರುತ್ತದೆ.

ಹಲ್ಲುಗಳ ಸಂಖ್ಯೆ ಬದಲಾದಾಗ ಚೈನಿನ ಉದ್ದವನ್ನೂ ಯೋಚಿಸಬೇಕು. ಒಟ್ಟು ಹಲ್ಲುಗಳು ಎರಡು ಹೆಚ್ಚಿದರೆ ಚೈನಿಗೆ ಸುಮಾರು ಒಂದು ಪಿಚ್ ಹೆಚ್ಚು ಬೇಕು. ಚೈನನ್ನು ಬದಲಿಸದೆ ಹಿಂದೆ 42ರ ಬದಲು 45 ಹಾಕಿದರೆ ಅಚ್ಚು ಮುಕ್ಕಾಲು ಪಿಚ್ಚಿನಷ್ಟು, ಅಂದರೆ 428 ಚೈನಿನಲ್ಲಿ ಸುಮಾರು 9.5 ಮಿಲಿಮೀಟರು, ಮುಂದೆ ಸರಿಯಬೇಕಾಗುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಉದ್ದನೆಯ ಚೈನು ತರಬೇಕು.

ಸ್ಪೋರ್ಟ್ ಎ.ಟಿ.ವಿ.ಯಲ್ಲಿ ಕ್ರಮ ಇದೇ. ಸರಿಹೊಂದಿಸುವ ಬಗೆ ಮಾತ್ರ ಬೇರೆ. ಅಲ್ಲಿ ಹಿಂದಿನ ಎರಡು ಗಾಲಿಗಳಿಗೂ ಒಂದೇ ಅಚ್ಚು. ಬಹುಪಾಲು ಮಾದರಿಗಳಲ್ಲಿ ಆ ಅಚ್ಚು ಗುಂಡಾದ ಒಂದು ಬೇರಿಂಗ್ ಗೂಡಿನೊಳಗೆ, ಅದರ ನಡುವಿನಲ್ಲಿ ಕೂಡದೆ ಒಂದು ಬದಿಗೆ ಸರಿದು, ಕೂತಿರುತ್ತದೆ. ಗೂಡನ್ನು ಅದುಮಿ ಹಿಡಿದ ಬೋಲ್ಟುಗಳನ್ನು ಸಡಿಲಿಸಿ ಗೂಡನ್ನೇ ತಿರುಗಿಸಿದರೆ ಅಚ್ಚು ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಎಡಬಲಗಳು ಒಟ್ಟಿಗೆ ಸರಿಯುವುದರಿಂದ ಗಾಲಿ ಓರೆಯಾಗುವ ಭಯವಿಲ್ಲ. ಅಳೆದ ಬಳಿಕ ಆ ಬೋಲ್ಟುಗಳನ್ನು ಮರೆಯದೆ ಬಿಗಿಯಬೇಕು.

5. ಒಂದು ಪ್ರತ್ಯಯ, ಒಂದು ಬೆರಳು

ಈಗ ಭಾಷೆಯ ಕಡೆಗೆ ಬರಬಹುದು. ಮೇಲಿನ ಐದನೆಯ ಹಂತವನ್ನು ‘ಕ್ಲಿಪ್ಪಿನ ಮುಚ್ಚಿದ ತುದಿ ಮುಂದಕ್ಕಿರಬೇಕು’ ಎಂದು ಬರೆದರೆ ಏನಾಗುತ್ತದೆ? ವಾಹನ ಮುಂದೆ ಓಡುವಾಗ ಚೈನಿನ ಮೇಲುಸಾಲು ಹಿಂದಿನಿಂದ ಮುಂದಕ್ಕೆ ಚಲಿಸುತ್ತದೆ. ಕೆಳಸಾಲು ಮುಂದಿನಿಂದ ಹಿಂದಕ್ಕೆ ಚಲಿಸುತ್ತದೆ. ಕೂಡುಕೊಂಡಿ ಮೇಲುಸಾಲಿನಲ್ಲಿದ್ದರೆ ‘ಮುಂದಕ್ಕೆ’ ಎಂಬುದು ಸರಿ; ಕೆಳಸಾಲಿನಲ್ಲಿದ್ದರೆ ಅದೇ ಮಾತು ತಪ್ಪು. ತಪ್ಪಾಗಿ ಹಾಕಿದ ಕ್ಲಿಪ್ಪಿನ ತೆರೆದ ತುದಿ ಏನಾದರೂ ತಾಗಿದಾಗ ಎದ್ದು ಕಳಚಬಹುದು, ಓಡುತ್ತಿರುವ ಚೈನು ಬಿಚ್ಚಿಕೊಳ್ಳಬಹುದು. ‘ಚೈನು ಚಲಿಸುವ ದಿಕ್ಕಿನ ಕಡೆಗೆ’ ಎಂಬ ಮಾತು ಎಲ್ಲಿಯೂ ಸರಿ. ಬರೆಯುವವನ ಕಣ್ಣು ವಸ್ತುವಿನ ಮೇಲಿದ್ದರೆ ಮಾತ್ರ ಇಂಥ ಪದ ದೊರೆಯುತ್ತದೆ.

ಎರಡನೆಯ ಉದಾಹರಣೆ ವ್ಯಾಕರಣಕ್ಕೆ ಇನ್ನೂ ಹತ್ತಿರದ್ದು. ‘ಗಾಲಿಯನ್ನು ತಿರುಗಿಸುತ್ತ ಚೈನನ್ನು ಒರೆಸಬೇಕು’ ಎಂಬುದೂ ‘ಗಾಲಿಯನ್ನು ತಿರುಗಿಸಿ, ನಿಲ್ಲಿಸಿ, ಚೈನನ್ನು ಒರೆಸಬೇಕು’ ಎಂಬುದೂ ಕನ್ನಡದ ಶುದ್ಧ ವಾಕ್ಯಗಳು. ಎರಡರಲ್ಲಿಯೂ ಇರುವವು ಕೃದಂತಾವ್ಯಯಗಳೇ. ಆದರೆ ‘ಉತ್ತ’ ಪ್ರತ್ಯಯವು ಎರಡು ಕೆಲಸಗಳನ್ನು ಏಕಕಾಲಕ್ಕೆ ತರುತ್ತದೆ. ‘ಇ’ ಪ್ರತ್ಯಯವು ಒಂದು ಮುಗಿದ ಮೇಲೆ ಇನ್ನೊಂದನ್ನು ತರುತ್ತದೆ. ಮೊದಲ ವಾಕ್ಯವನ್ನು ನಂಬಿದ ಕೈ ತಿರುಗುವ ಚೈನಿನ ಮೇಲಿರುತ್ತದೆ. ಬಟ್ಟೆಯ ಚುಂಗು ಹಲ್ಲಿಗೆ ಸಿಕ್ಕರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಎರಡನೆಯ ವಾಕ್ಯದ ಕೈ ನಿಂತ ಚೈನಿನ ಮೇಲಿರುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆಂದು ಕಲಿತ ಪ್ರತ್ಯಯದ ಭೇದವು ಇಲ್ಲಿ ಒಂದು ಬೆರಳಿನ ಪ್ರಶ್ನೆಯಾಗುತ್ತದೆ.

ಎಚ್ಚರಿಕೆಯ ಸ್ಥಾನವೂ ಇಷ್ಟೇ ಮುಖ್ಯ. ‘ಚೈನನ್ನು ಒರೆಸಬೇಕು, ಆಗ ಎಂಜಿನ್ ಓಡುತ್ತಿರಬಾರದು’ ಎಂದು ಬರೆದರೆ ಎಚ್ಚರಿಕೆ ಬರುವ ಹೊತ್ತಿಗೆ ಓದುಗನ ಕೈ ಚೈನನ್ನು ಮುಟ್ಟಿರುತ್ತದೆ. ಎಚ್ಚರಿಕೆ ಕೆಲಸಕ್ಕಿಂತ ಮೊದಲು ಬರಬೇಕು. ಕನ್ನಡ ವಾಕ್ಯದ ಸ್ವಭಾವವು ಇದಕ್ಕೆ ಅನುಕೂಲಕರವಾಗಿದೆ. ಸಮಾಪಕ ಕ್ರಿಯಾಪದವು ಕೊನೆಯಲ್ಲಿ ಬರುವುದರಿಂದ ಮೊದಲು ಮಾಡಬೇಕಾದುದನ್ನು ಮೊದಲೇ ಹೇಳಲು ದಾರಿಯಿದೆ: ‘ಎಂಜಿನ್ ನಿಲ್ಲಿಸಿ, ಗಾಲಿ ಪೂರ್ತಿ ನಿಂತ ಮೇಲೆ, ಚೈನನ್ನು ಒರೆಸಬೇಕು.’ ಮಾತಿನ ಕ್ರಮ ಮತ್ತು ಕೆಲಸದ ಕ್ರಮ ಇಲ್ಲಿ ಒಂದಾಗಿವೆ.

ಆದರೆ ಈ ಸೌಲಭ್ಯಕ್ಕೆ ಮಿತಿಯುಂಟು. ‘ಸಡಿಲಿಸಿ, ತಿರುಗಿಸಿ, ಎಳೆದು, ಅಳೆದು, ಬಿಗಿದು, ನೋಡಿ’ ಎಂದು ಆರೇಳು ಕೃದಂತಾವ್ಯಯಗಳನ್ನು ಪೋಣಿಸುತ್ತ ಹೋದರೆ ಓದುಗ ನಡುವಿನ ಒಂದನ್ನು ಬಿಟ್ಟುಬಿಡುತ್ತಾನೆ. ನಿಂತು ನೋಡಬೇಕಾದ ಕಡೆ, ಅಳೆಯಬೇಕಾದ ಕಡೆ, ವಾಕ್ಯವೂ ನಿಲ್ಲಬೇಕು. ಮೂರಕ್ಕೆ ಮೀರಿದ ಕೆಲಸಗಳಿದ್ದರೆ ವಾಕ್ಯವನ್ನು ಒಡೆಯುವುದು ಲೇಸು.

6. ಪದವಿಚಾರ

ಸ್ಪ್ರಾಕೆಟ್ಟಿಗೆ ಕನ್ನಡದಲ್ಲಿ ಏನೆನ್ನಬೇಕು? ಪಠ್ಯಗಳಲ್ಲಿ ಕಾಣುವ ‘ದಂತಚಕ್ರ’ ಪದವು ಹಲ್ಲಿಗೆ ಹಲ್ಲು ಕೂಡಿ ತಿರುಗುವ ಗೇರಿಗೆ ಸಲ್ಲುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಇನ್ನೊಂದು ಹಲ್ಲನ್ನು ಕೂಡುವುದಿಲ್ಲ. ಚೈನಿನ ರೋಲರನ್ನು ಹಿಡಿಯುತ್ತದೆ. ‘ಹಲ್ಲುಗಾಲಿ’ ಎಂದರೆ ಎರಡಕ್ಕೂ ಸಲ್ಲುತ್ತದೆ. ವಿವರಣೆಗೆ ಒಳ್ಳೆಯದು, ಬಿಡಿಭಾಗದ ಅಂಗಡಿಯಲ್ಲಿ ನಡೆಯದು. ಭೇದ ತಿಳಿಯಬೇಕಾದ ಕಡೆ ‘ಸ್ಪ್ರಾಕೆಟ್’ ಎಂದೇ ಬರೆಯುವುದು ಯೋಗ್ಯ. ಅದಕ್ಕೆ ವಿಭಕ್ತಿ ಪ್ರತ್ಯಯ ಸೇರಿದೊಡನೆ, ‘ಸ್ಪ್ರಾಕೆಟ್ಟಿಗೆ’, ‘ಸ್ಪ್ರಾಕೆಟ್ಟಿನಿಂದ’ ಎಂದು, ಅದು ಕನ್ನಡ ವಾಕ್ಯದ ಅಂಗವಾಗುತ್ತದೆ. ಚೈನು, ಬೋಲ್ಟು, ನಟ್ಟು ಎಂಬಲ್ಲಿ ವ್ಯಂಜನಾಂತ ಪದಗಳು ಉಕಾರ ಪಡೆದಿರುವುದನ್ನೂ ಗಮನಿಸಬೇಕು. ಕೇಶಿರಾಜನು 13ನೆಯ ಶತಮಾನದಲ್ಲಿ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡದ ರೂಪ ತಾಳುವ ಬಗೆಯನ್ನು ನಿರೂಪಿಸಿದನು. ಅಂಥ ಪ್ರಕ್ರಿಯೆ ಇಂದು ಗ್ಯಾರೇಜಿನಲ್ಲಿ ನಡೆಯುತ್ತಿದೆ.

ಎರವಲು ಪದಗಳ ಪಕ್ಕದಲ್ಲಿಯೇ ಬಂಡಿಯ ಕಾಲದ ಪದಗಳೂ ಜೀವಂತವಾಗಿವೆ. ಅಚ್ಚು, ಕೀಲು, ಕೊಂಡಿ, ಕೀಲೆಣ್ಣೆ ಇವೆಲ್ಲ ಎತ್ತಿನ ಬಂಡಿಯೊಡನೆ ಬಂದವು, ಮೋಟಾರಿಗೂ ಸಲ್ಲುತ್ತವೆ. ಮರಾಠಿಯ ‘ಸಾಖಳಿ’ ಮತ್ತು ಕನ್ನಡದ ‘ಸಂಕಲೆ’ ಎರಡಕ್ಕೂ ಮೂಲ ಸಂಸ್ಕೃತದ ‘ಶೃಂಖಲಾ’. ಆದರೆ ಕನ್ನಡದಲ್ಲಿ ಸಂಕಲೆಯು ಸೆರೆಯ ಅರ್ಥಕ್ಕೆ ಸಂಕೋಚಗೊಂಡಿದೆ. ಯಂತ್ರಕ್ಕೆ ‘ಸರಪಳಿ’ಯೇ ಸರಿ. ಅರ್ಥಸಂಕೋಚದ ಈ ಉದಾಹರಣೆಯನ್ನು ಗಡಿನಾಡಿನ ವಿದ್ಯಾರ್ಥಿಗಳು ಎರಡು ಭಾಷೆಗಳನ್ನೂ ಬಲ್ಲವರಾದ್ದರಿಂದ ಸುಲಭವಾಗಿ ಗುರುತಿಸಬಲ್ಲರು.

ಕ್ರಿಯಾಪದಗಳಲ್ಲಿ ಕನ್ನಡದ ಸಂಪತ್ತು ದೊಡ್ಡದು. ಚೈನು ಜೋಲುತ್ತದೆ, ಜಾರುತ್ತದೆ, ಹರಿಯುತ್ತದೆ. ಹಲ್ಲು ಸವೆಯುತ್ತದೆ, ಕಚ್ಚುತ್ತದೆ. ನಟ್ಟನ್ನು ಬಿಗಿಯುತ್ತಾರೆ, ಸಡಿಲಿಸುತ್ತಾರೆ, ಬಿಚ್ಚುತ್ತಾರೆ. ‘ಸಡಿಲಿಸು’ ಎಂದರೆ ನಟ್ಟು ಜಾಗದಲ್ಲಿಯೇ ಇದೆ. ‘ಬಿಚ್ಚು’ ಎಂದರೆ ಕೈಗೆ ಬಂದಿದೆ. ಈ ಭೇದ ಗೊತ್ತಿದ್ದವನು ಎರಡನ್ನೂ ಅದಲುಬದಲು ಮಾಡಲಾರ. ಪ್ರಾದೇಶಿಕ ಭೇದದಲ್ಲಿಯೂ ಎಚ್ಚರ ಬೇಕು. ಈ ಭಾಗದ ಆಡುಮಾತಿನಲ್ಲಿ ‘ಜಗ್ಗು’ ಎಂದರೆ ಎಳೆಯುವುದು. ದಕ್ಷಿಣದ ಕನ್ನಡದಲ್ಲಿ ತೊಲೆ ಜಗ್ಗಿತೆಂದರೆ ಬಾಗಿತು, ಇಳಿಬಿತ್ತು ಎಂದು ಅರ್ಥ. ‘ಚೈನು ಜಗ್ಗಿದೆ’ ಎಂಬ ವಾಕ್ಯವನ್ನು ಎರಡು ಊರಿನವರು ಎರಡು ಬಗೆಯಾಗಿ ಓದುತ್ತಾರೆ. ಎಲ್ಲರೂ ಓದುವ ಬರಹದಲ್ಲಿ ‘ಎಳೆ’, ‘ಜೋಲು’ ಎಂಬ ಪದಗಳೇ ಕ್ಷೇಮ.

ಈ ಕ್ರಿಯಾಪದಗಳನ್ನು ಕೊಲ್ಲುವ ಎರಡು ಅಭ್ಯಾಸಗಳಿವೆ. ಒಂದು, ಕ್ರಿಯೆಯನ್ನು ಭಾವನಾಮವಾಗಿಸುವುದು. ಇನ್ನೊಂದು, ಬೇಡದ ಕಡೆ ಕರ್ಮಣಿ ಪ್ರಯೋಗ. ‘ಸರಪಳಿಯ ಬಿಗಿಗೊಳಿಸುವಿಕೆಯ ಕಾರ್ಯವು ನಿರ್ವಹಿಸಲ್ಪಡಬೇಕು’ ಎಂಬಲ್ಲಿ ಎಲ್ಲ ಪದಗಳೂ ಕನ್ನಡ ಲಿಪಿಯಲ್ಲಿವೆ, ಕನ್ನಡ ಮಾತ್ರ ಇಲ್ಲ. ‘ಚೈನನ್ನು ಬಿಗಿ ಮಾಡಬೇಕು’ ಎಂಬಲ್ಲಿ ಒಂದು ಪದ ಇಂಗ್ಲಿಷಿನಿಂದ ಬಂದಿದೆ, ವಾಕ್ಯ ಕನ್ನಡದ್ದು.

7. ಉಪಸಂಹಾರ

ಕೆಲಸದ ಮಾತು ಸಾಹಿತ್ಯಕ್ಕೆ ಹೊರತಾದುದೆಂಬ ಭಾವನೆ ಈ ನೆಲದಲ್ಲಿ ಹುಟ್ಟಬಾರದು. ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಕೆರೆ ಕಟ್ಟಿಸಿದ ಸಿದ್ಧರಾಮ ವಚನಕಾರನೂ ಆಗಿದ್ದನು. ನೇಯ್ಗೆಯ ಜೇಡರ ದಾಸಿಮಯ್ಯ, ಹಗ್ಗದ ನುಲಿಯ ಚಂದಯ್ಯ, ಒಕ್ಕಲುತನದ ಮುದ್ದಣ್ಣ, ಮರಗೆಲಸದ ಬಸವಯ್ಯ ಮೊದಲಾದವರ ಹೆಸರಿನಲ್ಲಿಯೇ ಕಾಯಕ ಕೂಡಿಕೊಂಡಿದೆ. ವಚನಗಳನ್ನು ಓದುವವರಿಗೆ ಕಾಯಕದ ಪದಗಳು ಗೊತ್ತಿಲ್ಲದಿದ್ದರೆ ರೂಪಕವೂ ಗೊತ್ತಾಗುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 20ನೆಯ ಶತಮಾನದ ಎರಡನೆಯ ದಶಕದಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ಯಂತ್ರ ಮತ್ತು ಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಇವರು ತೋರಿಸಿಕೊಟ್ಟು ಬಹುಕಾಲವಾಯಿತು.

ಉಳಿದಿರುವುದು ದಿನಬಳಕೆಯ ಕೆಲಸ. ಮನೆಯಲ್ಲಿ ಅಪ್ಪ ಚೈನಿಗೆ ಎಣ್ಣೆ ಹಾಕುವಾಗ, ಅಂಗಡಿಯಲ್ಲಿ ಮಿಸ್ತ್ರಿ ಗಾಲಿ ಬಿಚ್ಚುವಾಗ, ಬಳಿಯಲ್ಲಿ ನಿಂತ ವಿದ್ಯಾರ್ಥಿ ಆಡಿದ ಮಾತುಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರೆ, ಯಾವ ನಿಘಂಟಿನಲ್ಲಿಯೂ ಒಟ್ಟಾಗಿ ದೊರೆಯದ ಪದಕೋಶವೊಂದು ಕೈಸೇರುತ್ತದೆ. ಅದನ್ನು ಓದಿ ಇನ್ನೊಬ್ಬರು ಬೆರಳಿಗೆ ಗಾಯವಾಗದಂತೆ ಚೈನನ್ನು ಬಿಗಿ ಮಾಡಬಲ್ಲರಾದರೆ ಬರಹ ತೇರ್ಗಡೆಯಾದಂತೆ.

ಅಭ್ಯಾಸ

1. ಮುಂದೆ 15, ಹಿಂದೆ 45 ಹಲ್ಲುಗಳಿದ್ದರೆ ಗೇರಿನ ಅನುಪಾತವೆಷ್ಟು? 14 ಮತ್ತು 42ರ ಜೋಡಿಗೂ ಇದಕ್ಕೂ ಎಳೆತದಲ್ಲಿ ಭೇದವುಂಟೇ? ಕಾರಣ ಸಹಿತ ಬರೆಯಿರಿ.

2. ‘ಅಚ್ಚಿನ ನಟ್ಟಿನ ಸಡಿಲಗೊಳಿಸುವಿಕೆಯ ನಂತರ ಚಕ್ರದ ಹಿಂಚಲನೆಯು ಮಾಡಲ್ಪಡುತ್ತದೆ’ ಎಂಬ ವಾಕ್ಯವನ್ನು ಸಹಜ ಕನ್ನಡಕ್ಕೆ ತಿರುಗಿಸಿರಿ.

3. ‘ಉತ್ತ’, ‘ಇ’, ‘ದರೆ’ ಪ್ರತ್ಯಯಗಳುಳ್ಳ ಕೃದಂತಾವ್ಯಯಗಳನ್ನು ಬಳಸಿ ಸೈಕಲ್ಲಿನ ಚೈನು ಹಾಕುವ ಕ್ರಮವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಎಚ್ಚರಿಕೆ ಎಲ್ಲಿ ಬಂದಿದೆಯೆಂದು ಗುರುತಿಸಿರಿ.

4. ನಿಮ್ಮ ಊರಿನ ಗ್ಯಾರೇಜು, ಮಗ್ಗ ಅಥವಾ ಕಮ್ಮಾರಸಾಲೆಯಲ್ಲಿ ಕೇಳಿದ ಇಪ್ಪತ್ತು ಕ್ರಿಯಾಪದಗಳನ್ನು ಸಂಗ್ರಹಿಸಿ, ಪ್ರತಿಯೊಂದರ ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸಿರಿ.